ಕಾಟನ್‌ವುಡ್ ಫಾಲ್ಸ್: ಹುಲ್ಲುಗಾವಲಿನ ನಡುವಿನ ಪುಟ್ಟ ಕೌಂಟಿ ಕೇಂದ್ರಕ್ಕೆ ಹೋಗಬಯಸುವವರಿಗೆ

ಮಕ್ಕಳ ಮನೆಗೆಂದು ಕ್ಯಾನ್ಸಸ್ ಸಿಟಿಗೆ ಬಂದು ತಿಂಗಳುಗಟ್ಟಲೆ ಉಳಿಯುವ ನಮ್ಮಂಥ ಹಿರಿಯರಿಗೆ ಸಾಮಾನ್ಯವಾಗಿ ಶಿಕಾಗೊ, ನಯಾಗರಾ ತೋರಿಸುತ್ತಾರೆ. ನಾನು ಮಗಳನ್ನು ಕೇಳಿಕೊಂಡದ್ದು ಬೇರೆ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯಲ್ಲಿ ದುಡಿದವನಾದ್ದರಿಂದ, ಈ ದೇಶದ ಹಳ್ಳಿಗಾಡಿನ ಆಡಳಿತ ಕೇಂದ್ರ ಹೇಗಿರುತ್ತದೆ, ಜನ ಅಲ್ಲಿಗೆ ಯಾವ ಕೆಲಸಕ್ಕೆ ಬರುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗಿತ್ತು. ಅವಳು ಆರಿಸಿದ್ದು ಕ್ಯಾನ್ಸಸ್ ರಾಜ್ಯದ ಚೇಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಕೇಂದ್ರವಾದ ಕಾಟನ್‌ವುಡ್ ಫಾಲ್ಸ್. 2020ರ ಜನಗಣತಿಯಂತೆ ಊರಿನ ಜನಸಂಖ್ಯೆ 851. ಎರಡು ಸಾವಿರ ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚೇ ಇರುವ ಇಡೀ ಕೌಂಟಿಯಲ್ಲಿ ವಾಸಿಸುವವರು 2,572 ಮಂದಿ. ನಮ್ಮಲ್ಲಿ ಒಂದು ದೊಡ್ಡ ಹಳ್ಳಿಗೇ ಇಷ್ಟು ಜನ ಇರುತ್ತಾರೆ.

ಕ್ಯಾನ್ಸಸ್ ಸಿಟಿಯಿಂದ ಐ-35 ಹೆದ್ದಾರಿ ಹಿಡಿದು ನೈಋತ್ಯಕ್ಕೆ ಎಂಪೋರಿಯಾದವರೆಗೆ ಬಂದು, ಅಲ್ಲಿಂದ ಯುಎಸ್-50ರಲ್ಲಿ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ಸಾಗಿದರೆ ಸ್ಟ್ರಾಂಗ್ ಸಿಟಿ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಕೆ-177 ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋದರೆ ಊರು. ಎರಡು ಗಂಟೆ ಸಾಕು. ಸ್ವಂತ ವಾಹನ ಅಥವಾ ಬಾಡಿಗೆ ಕಾರು ಇಲ್ಲದೆ ಈ ಪ್ರವಾಸ ಆಗುವಂಥದ್ದಲ್ಲ. ಈ ದಾರಿಯಲ್ಲಿ ಸುಂಕವಿಲ್ಲ, ಆದರೆ ಎಂಪೋರಿಯಾದಿಂದ ವಿಚಿಟಾ ಕಡೆಗೆ ಹೋಗುವ ಟರ್ನ್‌ಪೈಕ್ ಎಂಬ ಹೆದ್ದಾರಿಯಲ್ಲಿ ಇದೆ. 2024ರಿಂದ ಅಲ್ಲಿ ನಗದು ಪಡೆಯುವ ಗೇಟುಗಳಿಲ್ಲದೆ ನಂಬರ್ ಪ್ಲೇಟಿನ ಮೇಲೆ ಬಿಲ್ ಬರುವುದರಿಂದ, ಬಾಡಿಗೆ ಕಾರಿನವರು ಅದಕ್ಕೆ ಎಷ್ಟು ಸೇರಿಸುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಪೆಟ್ರೋಲು, ದಿನಸಿ, ಔಷಧಿಗಳನ್ನು ಎಂಪೋರಿಯಾದಲ್ಲೇ ಮುಗಿಸಿಕೊಳ್ಳುವುದು ಕ್ಷೇಮ.

ಮೊದಲ ಸಲ ನಾವು ಸೋಮವಾರ ಹೋಗಿ ಪೇಚಿಗೆ ಸಿಕ್ಕಿದೆವು. ಊಟಕ್ಕೆಂದು ನಂಬಿಕೊಂಡಿದ್ದ ಹೋಟೆಲಿಗೆ ಅಂದು ವಾರದ ರಜೆ. ಮಗಳು ಕಟ್ಟಿಕೊಂಡು ಬಂದಿದ್ದ ಚಪಾತಿ ಮತ್ತು ಉಪ್ಪಿನಕಾಯಿಯೇ ಆ ಮಧ್ಯಾಹ್ನ ನಮ್ಮನ್ನು ಕಾಪಾಡಿತು. ಶನಿವಾರ, ಭಾನುವಾರ ಹೋದರೆ ಕಚೇರಿಗಳು ಮುಚ್ಚಿರುತ್ತವೆ. ಆದ್ದರಿಂದ ಗುರುವಾರ ಮಧ್ಯಾಹ್ನ ಹೊರಟು, ರಾತ್ರಿ ಅಲ್ಲೇ ತಂಗಿ, ಶುಕ್ರವಾರ ಪೂರ್ತಿ ಉಳಿಯುವಂತೆ ಯೋಜಿಸಿಕೊಳ್ಳಬೇಕೆಂಬುದು ನನ್ನ ಖಚಿತವಾದ ಸಲಹೆ. ಸೆಪ್ಟೆಂಬರ್ ಕೊನೆಯಲ್ಲಿ ಎರಡನೆಯ ಸಲ ನಾವು ಹಾಗೆಯೇ ಮಾಡಿದೆವು.

ಬ್ರಾಡ್‌ವೇ ಎಂಬ ಮುಖ್ಯ ಬೀದಿಗೆ ಇಟ್ಟಿಗೆ ಹಾಸಲಾಗಿದ್ದು, ಅದರ ದಕ್ಷಿಣದ ತುದಿಯಲ್ಲಿ, ಬೀದಿಗೆ ಮುಖಮಾಡಿ ಕೌಂಟಿಯ ನ್ಯಾಯಾಲಯ ಕಟ್ಟಡ ನಿಂತಿದೆ. ಅಂಚುಗಳಲ್ಲಿ ಕಡಿದಾಗಿ ಇಳಿಯುವ ಕೆಂಪು ಮ್ಯಾನ್ಸಾರ್ಡ್ ಛಾವಣಿ, ಅದರ ಮೇಲೆ ಗಡಿಯಾರದ ಗೋಪುರ, ಗೋಡೆಗಳೆಲ್ಲ ಸ್ಥಳೀಯ ಸುಣ್ಣಕಲ್ಲು. ಜಾನ್ ಜಿ. ಹ್ಯಾಸ್ಕೆಲ್ ವಿನ್ಯಾಸಗೊಳಿಸಿದ ಈ ಕಟ್ಟಡ ಪೂರ್ಣಗೊಂಡದ್ದು 1873ರಲ್ಲಿ, ಮತ್ತು ಕ್ಯಾನ್ಸಸ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ ನ್ಯಾಯಾಲಯ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ಒಳಗೆ ಮೂರು ಅಂತಸ್ತು ಸುತ್ತಿ ಏರುವ ಕಪ್ಪು ಆಕ್ರೋಟ್ ಮರದ ಮೆಟ್ಟಿಲಿದೆ. ನೂರೈವತ್ತು ವರ್ಷಗಳಿಂದ ಅಂಗೈಗಳು ಸವರಿದ ಅದರ ಹಿಡಿಗಟ್ಟೆ ನಮ್ಮ ಹಳೆಯ ಮನೆಗಳ ತೂಗುಮಣೆಯಂತೆ ನುಣುಪಾಗಿದೆ. ನಾನು ಏರುವಾಗ ದಪ್ಪ ಬೂಟು ತೊಟ್ಟ ರೈತರೊಬ್ಬರು ಕಾಗದಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಇಳಿಯುತ್ತಿದ್ದರು, ಟೋಪಿಗೆ ಕೈ ಮುಟ್ಟಿಸಿ ನಮಗೆ ದಾರಿ ಬಿಟ್ಟರು. ಜಮೀನಿನ ಪತ್ರ ನೋಂದಾಯಿಸಲು, ತೆರಿಗೆ ಕಟ್ಟಲು, ವಾಹನದ ಪರವಾನಗಿ ನವೀಕರಿಸಲು ಜನ ಕೌಂಟಿ ಕೇಂದ್ರಕ್ಕೇ ಬರುತ್ತಾರೆ. ನಮ್ಮ ತಹಶೀಲ್ದಾರರ ಕಚೇರಿ, ಉಪನೋಂದಣಿ ಕಚೇರಿ, ಕೋರ್ಟು ಒಂದೇ ಸೂರಿನಡಿ ಇದ್ದಂತೆ ಎಂದುಕೊಳ್ಳಿ. ಹಳೆಯ ಸೆರೆಮನೆಯನ್ನೂ ಒಳಗೇ ಉಳಿಸಿಕೊಂಡಿದ್ದಾರೆ. ಮುಂಚಿತವಾಗಿ ದೂರವಾಣಿ ಮಾಡಿ, ನೋಡಲು ಅನುಕೂಲವಾದ ಸಮಯ ಕೇಳಿಕೊಂಡು ಹೋಗಿ; ಅದು ಕೆಲಸ ನಡೆಯುವ ಕಚೇರಿಯಾದ್ದರಿಂದ ಒಳಗೆ ಮೆಲುದನಿಯಲ್ಲಿ ಮಾತನಾಡಿ.

ಈ ಕಲ್ಲಿನ ಕಥೆ ತಿಳಿಯದೆ ಈ ಊರು ಅರ್ಥವಾಗುವುದಿಲ್ಲ. ಫ್ಲಿಂಟ್ ಹಿಲ್ಸ್ ಎಂಬ ಈ ಗುಡ್ಡಗಾಡಿನಲ್ಲಿ ತೆಳುಮಣ್ಣಿನ ಕೆಳಗೇ ಸುಣ್ಣಕಲ್ಲು, ಅದರ ಪದರಗಳ ನಡುವೆ ಚಕಮಕಿ ಕಲ್ಲು. ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ 17 ಕೋಟಿ ಎಕರೆಯಷ್ಟಿದ್ದ, ಎತ್ತರವಾಗಿ ಬೆಳೆಯುವ ಹುಲ್ಲಿನ ಬಯಲಿನಲ್ಲಿ ಈಗ ಉಳಿದಿರುವುದು ಶೇಕಡಾ 4ಕ್ಕಿಂತ ಕಡಿಮೆ. ಉಳಿದೆಡೆ ನೇಗಿಲು ಹುಲ್ಲನ್ನು ಕಿತ್ತು ಮೆಕ್ಕೆಜೋಳ, ಸೋಯಾ ಬಿತ್ತಿಸಿತು. ಇಲ್ಲಿ ಮಾತ್ರ ನೇಗಿಲಿನ ಮೊನೆ ಕಲ್ಲಿಗೆ ಬಡಿದು ನಿಂತಿತು, ಹುಲ್ಲು ಬದುಕಿಕೊಂಡಿತು. ಉಳುವುದು ಸಾಧ್ಯವಾಗದ ಜನ ದನ ಮೇಯಿಸಿದರು, ಅದೇ ಕಲ್ಲನ್ನು ಒಡೆದು ಬೇಲಿ, ಕೊಟ್ಟಿಗೆ, ಶಾಲೆ, ನ್ಯಾಯಾಲಯ ಕಟ್ಟಿದರು. ಆದ್ದರಿಂದಲೇ ಊರನ್ನು ನೋಡಿ ಹುಲ್ಲುಗಾವಲನ್ನು ಬಿಟ್ಟುಬರಬಾರದು, ಹುಲ್ಲುಗಾವಲಿಗೆ ಹೋಗುವವರು ಊರನ್ನು ದಾಟಿ ಓಡಲೂಬಾರದು.

ಸ್ಟ್ರಾಂಗ್ ಸಿಟಿಯ ಉತ್ತರಕ್ಕೆ ಮೂರು ಕಿಲೋಮೀಟರಿನಲ್ಲಿ ಟಾಲ್‌ಗ್ರಾಸ್ ಪ್ರೈರೀ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಿದೆ. 1996ರಲ್ಲಿ ಸ್ಥಾಪನೆಯಾದ ಇದರ ವಿಸ್ತಾರ ಸುಮಾರು 10,900 ಎಕರೆ, ಪ್ರವೇಶ ಉಚಿತ. 1881ರಲ್ಲಿ ಸ್ಟೀಫನ್ ಜೋನ್ಸ್ ಕಟ್ಟಿಸಿದ ಕಲ್ಲಿನ ಮನೆ, ಮೂರು ಅಂತಸ್ತಿನ ಕಲ್ಲಿನ ಕೊಟ್ಟಿಗೆ, ಗುಡ್ಡದ ಮೇಲೆ ಒಂಟಿಯಾಗಿ ನಿಂತಿರುವ ಒಂದೇ ಕೋಣೆಯ ಹಳೆಯ ಶಾಲೆ ಇಲ್ಲಿವೆ. 2009ರಲ್ಲಿ ದಕ್ಷಿಣ ಡಕೋಟಾದಿಂದ ತಂದು ಬಿಟ್ಟ, ನಮ್ಮ ಕಾಡುಕೋಣವನ್ನು ಹೋಲುವ ಬೈಸನ್‌ಗಳ ಹಿಂಡು ಈಗ ಬೆಳೆದಿದ್ದು, ಕಾಲುದಾರಿಯೊಂದು ಅವುಗಳ ಮೇವಿನ ನೆಲದ ನಡುವೆಯೇ ಹಾದುಹೋಗುತ್ತದೆ. ಅವು ಎಷ್ಟೇ ಸೌಮ್ಯವಾಗಿ ಕಂಡರೂ ನೂರು ಮೀಟರ್ ದೂರ ಬಿಡಿ. ದಾರಿಗೆ ಅಡ್ಡವಾಗಿ ಮಲಗಿದ್ದರೆ ಬಳಸಿ ಹೋಗಿ, ಇಲ್ಲವೇ ಹಿಂದಿರುಗಿ. ನಾವು ಹಿಂದಿರುಗಿದೆವು, ನನಗೆ ಅದರಲ್ಲಿ ಬೇಸರವಿಲ್ಲ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಆಗ ಆಳೆತ್ತರ ಬೆಳೆದು ತಾಮ್ರದ ಬಣ್ಣಕ್ಕೆ ತಿರುಗಿತ್ತು; ತೆನೆಯ ತುದಿ ಕೋಳಿಯ ಕಾಲಿನಂತೆ ಮೂರಾಗಿ ಕವಲೊಡೆದಿರುವುದರಿಂದ ಗುರುತಿಸುವುದು ಸುಲಭ. ನೆರಳಿನ ಮರಗಳು ತೀರ ಕಡಿಮೆ. ಟೋಪಿ, ತಲಾ ಎರಡು ಲೀಟರ್ ನೀರು, ಉದ್ದ ಪ್ಯಾಂಟು ಬೇಕೇಬೇಕು. ರಕ್ತ ಹೀರುವ ಉಣ್ಣಿಗಳಿರುವುದರಿಂದ ಹಿಂತಿರುಗಿದ ಮೇಲೆ ಕಾಲುಗಳನ್ನು ಪರೀಕ್ಷಿಸಿಕೊಳ್ಳಿ. ಮಾರ್ಚ್, ಏಪ್ರಿಲ್‌ನಲ್ಲಿ ಹಳೆಯ ಹುಲ್ಲಿಗೆ ಬೆಂಕಿ ಹಾಕುವ ಪದ್ಧತಿಯಿದ್ದು, ಉಬ್ಬಸದವರು ಆ ತಿಂಗಳುಗಳನ್ನು ಬಿಡುವುದೊಳ್ಳೆಯದು.

ಜೂನ್ ಮೊದಲಲ್ಲಿ ಸ್ಟ್ರಾಂಗ್ ಸಿಟಿಯಲ್ಲಿ ರೋಡಿಯೋ ಎಂಬ, ಕುದುರೆ ಸವಾರಿ ಮತ್ತು ದನ ಹಿಡಿಯುವ ಹಳೆಯ ಸ್ಪರ್ಧೆ ನಡೆಯುತ್ತದೆ, ಆಗ ಕೋಣೆ ಸಿಗುವುದು ಕಷ್ಟ. ಉಳಿದ ದಿನಗಳಲ್ಲೂ ತಂಗುವ ಜಾಗಗಳು ಬೆರಳೆಣಿಕೆಯಷ್ಟಿರುವುದರಿಂದ ಮೊದಲೇ ಕಾದಿರಿಸಿ. ಇದು ದನದ ಮಾಂಸದ ನಾಡು. ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್, ಆಲೂಗಡ್ಡೆ, ಸಲಾಡ್ ಸಿಗುತ್ತದೆ, ಆದರೆ ಸೂಪಿನಲ್ಲೂ ಬೇಯಿಸಿದ ಬೀನ್ಸ್ ಕಾಳಿನಲ್ಲೂ ಮಾಂಸದ ರಸ ಇದೆಯೇ ಎಂದು ಕೇಳಿಯೇ ತೆಗೆದುಕೊಳ್ಳಿ. ನಾವು ಕೇಳಿದಾಗ ಬಡಿಸುತ್ತಿದ್ದ ಹೆಂಗಸು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಹೇಳಿದರು.

ಸಮಯವಿದ್ದರೆ ಕೆ-177ರಲ್ಲೇ ದಕ್ಷಿಣಕ್ಕೆ ಬಜಾರ್ ಎಂಬ ಪುಟ್ಟ ಹಳ್ಳಿಯವರೆಗೆ ಹೋಗಿಬನ್ನಿ. 1931ರ ಮಾರ್ಚ್ 31ರಂದು ಇದರ ಹತ್ತಿರ ವಿಮಾನವೊಂದು ಬಿದ್ದು, ಪ್ರಸಿದ್ಧ ಅಮೆರಿಕನ್ ಫುಟ್‌ಬಾಲ್ ತರಬೇತುದಾರ ನೂಟ್ ರಾಕ್ನಿ ಸೇರಿ ಎಂಟು ಮಂದಿ ಸತ್ತರು. ಮರದ ರೆಕ್ಕೆ ಮುರಿದದ್ದೇ ಕಾರಣವೆಂದು ತಿಳಿದ ಮೇಲೆ ಅಮೆರಿಕದಲ್ಲಿ ವಿಮಾನ ಸುರಕ್ಷತೆಯ ನಿಯಮಗಳು ಬಿಗಿಯಾದವು. ಸ್ಮಾರಕದ ಕಲ್ಲು ಖಾಸಗಿ ಹುಲ್ಲುಗಾವಲಿನೊಳಗಿದೆ, ಅನುಮತಿಯಿಲ್ಲದೆ ಬೇಲಿ ದಾಟುವಂತಿಲ್ಲ. ನಾವು ರಸ್ತೆಬದಿಯಲ್ಲೇ ಕಾರು ನಿಲ್ಲಿಸಿ ಇಳಿದು ನಿಂತೆವು. ಮುಳ್ಳುತಂತಿಯ ಆಚೆ ದನಗಳು ಮೇಯುತ್ತಿದ್ದವು. ಗಾಳಿ ಹುಲ್ಲನ್ನು ಒಂದೇ ದಿಕ್ಕಿಗೆ ಬಾಗಿಸುತ್ತಿದ್ದ ಸದ್ದು ಬಿಟ್ಟರೆ ಅಲ್ಲಿ ಬೇರೇನೂ ಕೇಳಿಸಲಿಲ್ಲ.