ಅಜ್ಜಿ ಹೇಳಿದ ‘ಸ್ಪೆಸ್ಯಾಲ್’

ಕೆಲಸದ ಮೇಲೆ ಫ್ರಾನ್ಸಿನ ಲಿಯೋನ್‌ಗೆ ಹೋದ ಮೊದಲ ಚಳಿಗಾಲದಲ್ಲಿ ನನಗೆ ಫ್ರೆಂಚ್ ಕಲಿಸಿದ್ದು ಪುಸ್ತಕವಲ್ಲ, ಕಚೇರಿಯ ಕಾಫಿ ಯಂತ್ರದ ಸುತ್ತ ನಿಲ್ಲುವ ಗುಂಪು. ಅಲ್ಲಿ ಕಾಫಿ, ಮಳೆ, ಮೇಲಧಿಕಾರಿಯ ಇಮೇಲ್, ಎಲ್ಲಕ್ಕೂ ಒಂದೇ ಬಿರುದು: ‘ದೆಗಲಾಸ್’. ಇಂಗ್ಲಿಷಿನ ‘ಡಿಸ್ಗಸ್ಟಿಂಗ್’ ಇರಬೇಕೆಂದು ನಾನೂ ಜೇಬಿಗಿಳಿಸಿಕೊಂಡೆ.

ಒಂದು ಭಾನುವಾರ ಸಹೋದ್ಯೋಗಿಯ ಮನೆಯಲ್ಲಿ ಊಟ. ಕೊನೆಗೆ ಎಪ್ವಾಸ್ ಚೀಸ್ ಬಂತು. ಬರ್ಗಂಡಿ ಸೀಮೆಯದು, ದ್ರಾಕ್ಷಿಯ ಬ್ರಾಂಡಿಯಿಂದ ಮೈ ತೊಳೆದು ಹದಗೊಳಿಸಿದ್ದು. ಕಿತ್ತಳೆ ಬಣ್ಣದ ಸಿಪ್ಪೆ ಕತ್ತರಿಸಿದರೆ ಒಳಗಿನದು ಗಟ್ಟಿ ಪಾಯಸದಂತೆ ಹರಿಯುತ್ತದೆ; ವಾಸನೆ ಮಾತ್ರ ಮಳೆಗಾಲದಲ್ಲಿ ಮೂರು ದಿನ ಒಣಗದ ಕಾಲುಚೀಲದ್ದು. ಆರು ವರ್ಷದ ಮಗಳು ಮೂಗು ಹಿಡಿದು ‘ಬರ್ಕ್!’ ಎಂದಳು. ನಮ್ಮ ‘ಇಶ್ಶೀ’, ಇಂಗ್ಲಿಷಿನ ‘ಯಕ್’. ಹಾಗೆನ್ನಬಾರದು, ‘ನನಗೆ ಇಷ್ಟವಿಲ್ಲ’ ಎನ್ನಬೇಕು ಎಂದು ತಾಯಿ ತಿದ್ದಿದರು. ದೋಷ ಚೀಸಿನದಲ್ಲ, ನಾಲಿಗೆಯದು ಎಂಬ ಲೆಕ್ಕ.

ಆಗ ಅಜ್ಜಿ ನನ್ನತ್ತ ತಿರುಗಿ, ಕಚೇರಿಯ ಕ್ಯಾಂಟೀನಿನ ಊಟ ಹೇಗಪ್ಪಾ ಎಂದು ಕೇಳಿದರು.

‘ದೆಗಲಾಸ್!’

ಅಜ್ಜಿಯ ಮುಳ್ಳುಚಮಚ ಬಾಯಿಯ ದಾರಿಯಲ್ಲೇ ನಿಂತಿತು. ಹುಡುಗಿಯ ಮುಖ ಅರಳಿತು: ‘ಅವರು ಅದನ್ನು ಹೇಳಬಹುದು, ನಾನು ಬರ್ಕ್ ಅನ್ನಬಾರದೇ?’ ಯಾರ ಬಳಿಯೂ ಉತ್ತರವಿರಲಿಲ್ಲ.

ಸಹೋದ್ಯೋಗಿ ನಗು ಕಚ್ಚಿಕೊಂಡು ಬಿಡಿಸಿ ಹೇಳಿದ. ಪದದ ಒಳಗೆ ‘ಗಲ್’ ಇದೆ, ಪ್ರಾಣಿಯ ಬಾಯಿ. ಮನುಷ್ಯರ ಮುಖಕ್ಕೆ ನಾವು ಮೂತಿ ಎಂದರೆ ಹೇಗೋ ಹಾಗೆ. ಅದರಿಂದ ‘ಕಕ್ಕು’ ಎಂಬರ್ಥದ ಒರಟು ಕ್ರಿಯಾಪದ, ಅದರಿಂದ ಈ ಬಿರುದು. ಗೆಳೆಯರ ನಡುವೆ ನಡೆಯುತ್ತದೆ, ಅಜ್ಜಿಯರ ಎದುರಲ್ಲ. ಮರ್ಯಾದಸ್ಥರ ಮನೆಗೆ ‘ದೆಗೂತಾಂ’ ಇದೆ. ‘ಗೂ’ ಎಂದರೆ ರುಚಿ. ‘ಡಿಸ್ಗಸ್ಟ್’ ಇದರ ದಾಯಾದಿ. ನಮ್ಮ ‘ಅರುಚಿ’ಯನ್ನೂ ಹೀಗೆಯೇ ಕಟ್ಟಿದ್ದಾರೆ, ಆದರೆ ಅದು ಜ್ವರ ಬಂದವರ ನಾಲಿಗೆಯಲ್ಲೇ ಉಳಿದುಬಿಟ್ಟಿತು. ಇನ್ನು ‘ದೆಗೂತೆ’ ಎಂದರೆ, ಆಡುಮಾತಿನಲ್ಲಿ, ಹೇಸಿಗೆಯೇ ಅಲ್ಲ, ಬರಿಯ ನಿರಾಸೆ. ಇದು ಗೊತ್ತಾಗಿದ್ದು ಮುಂದಿನ ವಾರ. ರೈಲು ತಪ್ಪಿಸಿಕೊಂಡ ಅವನು ಹಾಗೆಂದಾಗ ಹೊಟ್ಟೆ ತೊಳಸುತ್ತಿದೆಯೆಂದು ನೀರು ತಂದುಕೊಟ್ಟಿದ್ದೆ.

ಆ ದಿನ ಮಾನ ಉಳಿಸಿಕೊಳ್ಳಲು ನನ್ನ ಚೀಲದಲ್ಲಿ ಒಂದೇ ದಾರಿಯಿತ್ತು: ಅಮ್ಮ ಕಳಿಸಿದ ನಿಂಬೆ ಉಪ್ಪಿನಕಾಯಿಯ ಜಾಡಿ. ಅಜ್ಜಿ ಒಂದು ಚೂರು ಬಾಯಿಗಿಟ್ಟರು. ಕಣ್ಣು ಸಣ್ಣಗಾಯಿತು. ನೀರು ಕುಡಿದು, ಕರವಸ್ತ್ರದಿಂದ ತುಟಿ ಒತ್ತಿಕೊಂಡು, ಬಹಳ ನಿಧಾನವಾಗಿ ‘ಸ್ಪೆಸ್ಯಾಲ್’ ಎಂದರು. ಉಬ್ಬಿಹೋದ ನಾನು ಜಾಡಿಯನ್ನೇ ಅವರಿಗೆ ಬಿಟ್ಟು ಬಂದೆ.

ಇಂಗ್ಲಿಷಿನವರು ‘ಇಂಟರೆಸ್ಟಿಂಗ್’ ಎಂದು, ನಮ್ಮವರು ‘ಒಂದು ಥರ ಇದೆ’ ಎಂದು ತಟ್ಟೆ ಸರಿಸುವ ಜಾಗದಲ್ಲಿ ಫ್ರೆಂಚರು ‘ಸ್ಪೆಸ್ಯಾಲ್’ ಎನ್ನುತ್ತಾರೆಂದು ಸೋಮವಾರ ಕಾಫಿ ಯಂತ್ರದ ಬಳಿ ತಿಳಿಯಿತು. ಎರಡು ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋದಾಗ ಜಾಡಿ ಫ್ರಿಜ್ಜಿನಲ್ಲಿ, ಎಪ್ವಾಸ್‌ನ ಮರದ ಡಬ್ಬಿಯ ಪಕ್ಕದಲ್ಲೇ ಇತ್ತು. ಮೇಲಿನ ಎಣ್ಣೆ ಒಂದು ಗೆರೆಯೂ ಇಳಿದಿರಲಿಲ್ಲ.