ರೂಪಾಯಿ ಬಿದ್ದರೆ ಚಿಕ್ಕಪ್ಪನಿಗೆಷ್ಟು? ಮೂರನೇ ವರ್ಷದ ಪೇಪರ್, ಇಲ್ಲಿಯವರೆಗೆ

ಆಗಸ್ಟ್ ಕೊನೆ

ಅರ್ಥಶಾಸ್ತ್ರದ ಪಿಎಚ್‌.ಡಿ.ಯ ಮೂರನೇ ವರ್ಷ ಶುರುವಾಯಿತು. ಕೋರ್ಸ್ ಮುಗಿದಿವೆ, ಕ್ವಾಲಿಫೈಯಿಂಗ್ ಪರೀಕ್ಷೆಯೂ ಮುಗಿದಿದೆ. ಈ ವರ್ಷದೊಳಗೆ ಒಂದು ಸ್ವಂತ ಪೇಪರ್ ಬರೆದು ತೋರಿಸಬೇಕು. ಇನ್ನು ಹೇಳಲು ನೆಪಗಳೂ ಉಳಿದಿಲ್ಲ. ಬೇಸಿಗೆಯಿಡೀ ವಿಷಯ ಹುಡುಕಿದ್ದೇ ಬಂತು. ಕೊನೆಗೆ ಅದು ಸಿಕ್ಕಿದ್ದು ಮೂಡಿಗೆರೆಯಿಂದ ಬಂದ ಚಿಕ್ಕಪ್ಪನ ಫೋನಿನಲ್ಲಿ.

"ಪುಟ್ಟಿ, ಡಾಲರ್ ಏರಿದ್ರೆ ರಫ್ತು ಮಾಡೋರಿಗೆ ಲಾಭ ಅಂತ ಟೀವಿಯಲ್ಲಿ ಹೇಳ್ತಾರೆ. ನಮ್ಮ ಕಾಫಿಯೆಲ್ಲ ಹೊರಗೇ ಹೋಗೋದು. ನನ್ನ ರೇಟು ಯಾಕೆ ಏರಲ್ಲ?"

ನಾನು ಪಠ್ಯಪುಸ್ತಕದ ಉತ್ತರ ಕೊಟ್ಟೆ. ರೂಪಾಯಿ ಬಿದ್ದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ಜಾಸ್ತಿ ಕೊಳ್ಳುತ್ತಾರೆ, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡು, "ಅಗ್ಗ ಯಾರಿಗಾಯ್ತು? ಅವರು ಕೊಡೋದು ನ್ಯೂಯಾರ್ಕ್ ರೇಟು ತಾನೇ?" ಅಂದರು. ಫೋನ್ ಇಟ್ಟ ಮೇಲೆ ಯೋಚಿಸಿದೆ. ಅವರು ಹೇಳಿದ್ದೇ ಸರಿ.

ಸೆಪ್ಟೆಂಬರ್

ಈ ಸೆಮಿಸ್ಟರ್ ಅಂತರರಾಷ್ಟ್ರೀಯ ಮ್ಯಾಕ್ರೋ ಕೋರ್ಸಿಗೆ ನಾನೇ ಟಿಎ, ಅಂದರೆ ಪಾಠಕ್ಕೆ ನೆರವಾಗುವ ಸಹಾಯಕಿ. ಪ್ರತಿ ಶುಕ್ರವಾರ ಎರಡು ಬ್ಯಾಚ್. ಮೊದಲ ತರಗತಿಯಲ್ಲೇ ಎಲ್ಲರೂ ಮುಗ್ಗರಿಸುವ ಜಾಗವೊಂದಿದೆ. ಡಾಲರಿಗೆ ಇಷ್ಟು ರೂಪಾಯಿ ಅನ್ನುವ ಸಂಖ್ಯೆ ಮೇಲೆ ಹೋದರೆ ರೂಪಾಯಿ ಕೆಳಗೆ ಹೋಯಿತು ಎಂದರ್ಥ. ಗ್ರಾಫ್‌ನಲ್ಲಿ ಗೆರೆ ಏರುತ್ತದೆ, ನಾವು 'ಬಿತ್ತು' ಅನ್ನುತ್ತೇವೆ. ಹೋದ ವರ್ಷ ಬೋರ್ಡಿನ ಮೇಲೆ ನಾನೇ ತಿರುಗಾಮುರುಗಾ ಬರೆದು ಹತ್ತು ನಿಮಿಷ ಅದನ್ನೇ ಸಮರ್ಥಿಸಿಕೊಂಡಿದ್ದೆ. ಈ ಸಲ ಡಾಲರನ್ನು ಒಂದು ಕೆಜಿ ಟೊಮೇಟೊ ಅಂದುಕೊಳ್ಳಿ ಅಂದೆ. ಟೊಮೇಟೊ ರೇಟು ಏರಿತು ಅಂದರೆ ನಿಮ್ಮ ಜೇಬಿನ ದುಡ್ಡಿನ ಬೆಲೆ ಇಳಿಯಿತು, ಅಷ್ಟೇ. ಕೆಲಸ ಮಾಡಿತು.

ಮುಂದಿನ ವಾರ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಅವರ 2015ರ ಲೆಕ್ಕವೊಂದನ್ನು ತೋರಿಸಿದೆ. (ಮೈಸೂರಿನಲ್ಲಿ ಬೆಳೆದವರು ಎಂದು ಸೇರಿಸಿದೆ. ಪಾಠಕ್ಕೆ ಅದರ ಅಗತ್ಯ ಇರಲಿಲ್ಲ, ಸುಮ್ನೆ ನನ್ನ ಖುಷಿಗೆ.) ಭಾರತಕ್ಕೆ ಬರುವ ಆಮದಿನಲ್ಲಿ ಆಗ ಅಮೆರಿಕದಿಂದ ಬರುತ್ತಿದ್ದುದು ಶೇ. 5ರಷ್ಟು. ಆದರೆ ಶೇ. 86ರಷ್ಟು ಆಮದಿನ ಬಿಲ್ ಆಗುತ್ತಿದ್ದುದು ಡಾಲರಿನಲ್ಲಿ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಮಾರುವವನ ಕರೆನ್ಸಿಯಲ್ಲಿ ಬೆಲೆ ನಿಗದಿಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಮಂಡೆಲ್ ಮತ್ತು ಫ್ಲೆಮಿಂಗ್ ಕಾಲದಿಂದ ಬಂದ ಹಳೆಯ ಮಾದರಿ ಹೇಳುತ್ತದೆ. ನಿಜದಲ್ಲಿ ಮಾರುವವನದ್ದೂ ಅಲ್ಲದ, ಕೊಳ್ಳುವವನದ್ದೂ ಅಲ್ಲದ ಮೂರನೆಯ ಕರೆನ್ಸಿಯೊಂದು ನಡುವೆ ಕೂತಿರುತ್ತದೆ.

ಕಾಫಿಯಲ್ಲಂತೂ ಇದು ಕಣ್ಣಿಗೆ ರಾಚುತ್ತದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ, ಅವರದ್ದು ಯೂರೋ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಎಂದು ಎರಡು ಬಗೆ. ಅರೇಬಿಕಾ ಬೆಲೆ ತೀರ್ಮಾನವಾಗುವುದು ನ್ಯೂಯಾರ್ಕ್‌ನಲ್ಲಿ, ಡಾಲರ್ ಲೆಕ್ಕದಲ್ಲಿ. ರೋಬಸ್ಟಾ ವಾಯಿದೆ ವ್ಯಾಪಾರ ನಡೆಯುವುದು ಲಂಡನ್‌ನಲ್ಲಿ, ಅದೂ ಡಾಲರಿನಲ್ಲೇ!

ಸೆಪ್ಟೆಂಬರ್ ಕೊನೆ

ಡೇಟಾ ಜೋಡಿಸುತ್ತಾ ಕೂತೆ. 1990ರ ದಶಕದ ಮಧ್ಯದವರೆಗಿನದನ್ನು ಬಿಟ್ಟುಬಿಡಬೇಕಾಯಿತು. ಆಗೆಲ್ಲ ಬೆಳೆಗಾರರ ಕಾಫಿ ಕಾಫಿ ಬೋರ್ಡಿನ ಪೂಲಿಗೆ (ಎಲ್ಲರದ್ದನ್ನೂ ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ) ಹೋಗುತ್ತಿತ್ತು, ಅವರು ಕೊಟ್ಟಿದ್ದೇ ರೇಟು. ಹಾಗಾಗಿ ನನ್ನ ಲೆಕ್ಕ 1996ರಿಂದ ಶುರು.

ಮೊದಲ ರಿಗ್ರೆಶನ್ (ಬೆಲೆಗಳ ನಡುವಿನ ಸಂಬಂಧ ಅಳೆಯುವ ಲೆಕ್ಕ) ಬಂದಾಗ ಕುರ್ಚಿಯಿಂದ ಬೀಳುವುದೊಂದು ಬಾಕಿ. ಮೂಡಿಗೆರೆಯ ಬೆಳೆಗಾರನಿಗೆ ವಿಶ್ವ ಮಾರುಕಟ್ಟೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿಗುತ್ತಿದೆ ಎಂದಿತು. ಚಿಕ್ಕಪ್ಪ ಇಷ್ಟರಲ್ಲಿ ಬಂಗಲೆ ಕಟ್ಟಿಸಿರಬೇಕಿತ್ತು. ತಪ್ಪು ನನ್ನದೇ. ಅರೇಬಿಕಾ ಬೆಲೆ ಪೌಂಡಿಗೆ ಇಷ್ಟು ಸೆಂಟ್ ಎಂದು, ರೋಬಸ್ಟಾ ಬೆಲೆ ಟನ್ನಿಗೆ ಇಷ್ಟು ಡಾಲರ್ ಎಂದು, ನಮ್ಮೂರಿನ ಬೆಲೆ 50 ಕೆಜಿ ಚೀಲಕ್ಕೆ ಇಷ್ಟು ರೂಪಾಯಿ ಎಂದು. ಮೂರನ್ನೂ ಒಂದೇ ಅಳತೆಗೆ ತರದೆ ಕಲಸಿಬಿಟ್ಟಿದ್ದೆ. ಪೌಂಡಿಗೆ 453.6 ಗ್ರಾಂ ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ್ದೇನೆ.

ಅದನ್ನು ಸರಿಮಾಡಿದರೂ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಬೆಲೆ ಹೊಂದಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಓಟಿ ಹಾಕಿದೀಯಾ?" ಅಂದರು. ಓಟಿ ಅಂದರೆ ಔಟ್‌ಟರ್ನ್. 50 ಕೆಜಿ ಒಣ ಚೆರಿ ಸಿಪ್ಪೆ ತೆಗೆಸಿದರೆ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನೋದು. ಹೆಚ್ಚೂಕಡಿಮೆ ಅರ್ಧ. ಒಂದು ವಾರ ತಲೆ ಕೆಡಿಸಿಕೊಂಡದ್ದಕ್ಕೆ ಅರ್ಧ ನಿಮಿಷದ ಉತ್ತರ.

ಫೋನ್ ಇಡುವ ಮೊದಲು, "ಡಾಲರ್ ಮುಂದಿನ ತಿಂಗಳು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು. ಅರ್ಥಶಾಸ್ತ್ರಜ್ಞರಾದ ಮೀಸ್ ಮತ್ತು ರೋಗಾಫ್ 1983ರಲ್ಲೇ ತೋರಿಸಿದ್ದಾರೆ, 'ಇವತ್ತಿನ ದರವೇ ನಾಳೆಯೂ' ಎಂದು ಊಹಿಸುವವನನ್ನು ನಮ್ಮ ದೊಡ್ಡ ದೊಡ್ಡ ಮಾದರಿಗಳೂ ಸೋಲಿಸಲಾರವು ಎಂದೆ. "ಅದಕ್ಕೆ ಅಷ್ಟು ದೂರ ಹೋಗಿ ಓದ್ಬೇಕಿತ್ತೇನೇ?"

ಅಕ್ಟೋಬರ್

ಈ ತಿಂಗಳು ಪೇಪರಿಗೆ ನಿಜವಾದ ತಿರುವು ಸಿಕ್ಕಿತು, ಅದೂ ತರಗತಿಯಲ್ಲಿ. 2013ರ ಕಥೆ ಹೇಳುತ್ತಿದ್ದೆ. ಆ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಂದಿನ ಮುಖ್ಯಸ್ಥ ಬೆನ್ ಬರ್ನಾಂಕೆ, ಬಾಂಡ್ ಖರೀದಿ ನಿಧಾನ ಮಾಡಬಹುದು ಎಂಬ ಸುಳಿವು ಕೊಟ್ಟರು. ಹೊರಗಿನ ದುಡ್ಡು ಭಾರತದಂಥ ದೇಶಗಳಿಂದ ಕಾಲ್ಕಿತ್ತಿತು. 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68 ರೂಪಾಯಿ ದಾಟಿತು. ಆಗ ಒಟ್ಟಿಗೇ ಒದ್ದಾಡಿದ ಐದು ದೇಶಗಳಿಗೆ 'ಫ್ರಜೈಲ್ ಫೈವ್' ಎಂಬ ಹೆಸರೂ ಬಿತ್ತು. ಬ್ರೆಜಿಲ್, ಭಾರತ, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ, ಟರ್ಕಿ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎಲ್ಲರ ಕರೆನ್ಸಿಯೂ ಒಟ್ಟಿಗೆ ಬಿದ್ದರೆ ಯಾರು ಯಾರಿಗಿಂತ ಅಗ್ಗವಾದರು?" ಎಂದು ಕೇಳಿದಳು. ಉತ್ತರ ಕೊಡುವ ಬದಲು ನಾನು ಪಟ್ಟಿಯನ್ನೇ ನೋಡುತ್ತ ನಿಂತೆ. ಐದರಲ್ಲಿ ಮೊದಲ ಮೂರೂ ಕಾಫಿ ಬೆಳೆಯುವ ದೇಶಗಳು!

ಅಂದರೆ ರೂಪಾಯಿ ಬಿದ್ದ ಹೊತ್ತಿಗೇ ಬ್ರೆಜಿಲ್‌ನ ರಿಯಲ್ ಕೂಡ ಬಿದ್ದಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವವರು ಅವರು. ರಿಯಲ್ ಬಿದ್ದಾಗ ಡಾಲರ್ ಬೆಲೆ ಸ್ವಲ್ಪ ಕಮ್ಮಿಯಾದರೂ ಅವರಿಗೆ ತಮ್ಮ ದುಡ್ಡಿನಲ್ಲಿ ಗಿಟ್ಟುತ್ತದೆ, ಹಾಗಾಗಿ ಮಾರುತ್ತಾರೆ. ವಿಶ್ವದ ಬೆಲೆಯೇ ಜಗ್ಗುತ್ತದೆ. 2013ರ ಆರಂಭದಲ್ಲಿ ಪೌಂಡಿಗೆ 150 ಸೆಂಟ್ ಹತ್ತಿರವಿದ್ದ ಅರೇಬಿಕಾ ನವೆಂಬರಿನಲ್ಲಿ 110ಕ್ಕಿಂತ ಕೆಳಗಿತ್ತು. ಇದಕ್ಕೆ ಬ್ರೆಜಿಲ್‌ನ ಭರ್ಜರಿ ಫಸಲೂ ಕಾರಣ, ಪೂರ್ತಿ ಕರೆನ್ಸಿಯ ಮೇಲೆ ಹೊರಿಸುವಂತಿಲ್ಲ.

ಉದಾಹರಣೆಗೆ ಡಾಲರ್ ಶೇ. 10 ಏರಿ, ಕಾಫಿಯ ಡಾಲರ್ ಬೆಲೆ ಶೇ. 8 ಇಳಿಯಿತು ಅನ್ನಿ. 1.10ನ್ನು 0.92ರಿಂದ ಗುಣಿಸಿದರೆ 1.012. ಚಿಕ್ಕಪ್ಪನ ಕೈಗೆ ಹತ್ತರ ಬದಲು ಒಂದು ಚಿಲ್ಲರೆ ಶೇಕಡಾ. ಅಷ್ಟರಲ್ಲಿ ಗೊಬ್ಬರದಂಗಡಿಯಲ್ಲಿ ಪೊಟ್ಯಾಷ್ ಬೆಲೆ ಕೇಳಬೇಕು. ಅದು ಪೂರ್ತಿ ಆಮದು.

ಗೈಡ್ ಹತ್ತಿರ ಓಡಿದೆ. ಅವರು ಯಾವತ್ತೂ ಪೂರ್ತಿ ಖುಷಿಪಡುವವರಲ್ಲ. "ಒಳ್ಳೆಯ ಕಥೆ. ಕಾರಣ ಅದೇ ಅಂತ ಹೇಗೆ ತೋರಿಸ್ತೀಯ?" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ರೋಬಸ್ಟಾ ನೆನಪಾಯಿತು. ರೋಬಸ್ಟಾಕ್ಕೆ ವಿಯೆಟ್ನಾಂ ದೊಡ್ಡಣ್ಣ. ಅವರ ಡಾಂಗ್ ಕರೆನ್ಸಿಯನ್ನು ಅಲ್ಲಿನ ಸ್ಟೇಟ್ ಬ್ಯಾಂಕ್ ಬಿಗಿಯಾಗಿ ಹಿಡಿದಿಡುತ್ತದೆ. 2013ರ ಆ ಗಲಾಟೆಯಲ್ಲೂ ಜೂನ್‌ನಲ್ಲಿ ಇಳಿಸಿದ್ದು ಬರೀ ಶೇ. 1. ಹಾಗಿದ್ದರೆ ರೋಬಸ್ಟಾದ ಡಾಲರ್ ಬೆಲೆ ಅಷ್ಟು ಜಗ್ಗಬಾರದು, ರೂಪಾಯಿ ಬಿದ್ದಾಗ ರೋಬಸ್ಟಾ ಬೆಳೆಗಾರನಿಗೆ ಅರೇಬಿಕಾದವನಿಗಿಂತ ಜಾಸ್ತಿ ಉಳಿಯಬೇಕು. ಒಂದೇ ತೋಟ, ಒಂದೇ ರೂಪಾಯಿ, ಎರಡು ಬೆಳೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ ಅಲ್ವಾ?

ಬ್ರೆಜಿಲ್ ಕೂಡ ಕೊನಿಲಾನ್ ಎಂಬ ಹೆಸರಲ್ಲಿ ಸಾಕಷ್ಟು ರೋಬಸ್ಟಾ ಬೆಳೆಯುತ್ತದೆ ಎಂದು ಗೈಡ್ ಮರುದಿನವೇ ನೆನಪಿಸಿದರು. ಹೌದು. ಗೆರೆ ಅಷ್ಟು ಚೊಕ್ಕವಾಗಿಲ್ಲ.

ನವೆಂಬರ್

ಫಲಿತಾಂಶ ನಾನು ಎಣಿಸಿದ ದಿಕ್ಕಿನಲ್ಲೇ ಇದೆ. ಆದರೆ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ) ಎಷ್ಟು ದೊಡ್ಡದೆಂದರೆ ಅದರೊಳಗೆ ಒಂದು ಎತ್ತಿನಗಾಡಿ ತಿರುಗಿಸಬಹುದು. ತಿಂಗಳ ಸರಾಸರಿ ಬೆಲೆ ಇಟ್ಟುಕೊಂಡಿರುವುದೇ ಸಮಸ್ಯೆ ಎಂದು ನನ್ನ ಗುಮಾನಿ. ಬೆಳೆಗಾರ ತಿಂಗಳಿಡೀ ಸಮನಾಗಿ ಮಾರುವುದಿಲ್ಲ. ಕೆಲವರು ಗೋದಾಮಿನಲ್ಲಿಟ್ಟು ಕಾಯುತ್ತಾರೆ, ಕೆಲವರು ಕೊಯ್ಲಿನ ಕೂಲಿ ಕೊಡಲು ತಕ್ಷಣ ಮಾರುತ್ತಾರೆ.

ನಡುವೆ ಒಂದು ವಾರ 120 ಉತ್ತರ ಪತ್ರಿಕೆ ತಿದ್ದಿದ್ದರಲ್ಲೇ ಹೋಯಿತು. ಸ್ಥಿರ ದರ, ಬಂಡವಾಳದ ಮುಕ್ತ ಓಡಾಟ, ಸ್ವಂತ ಬಡ್ಡಿನೀತಿ, ಮೂರರಲ್ಲಿ ಎರಡು ಮಾತ್ರ ಸಾಧ್ಯ ಎಂಬುದಕ್ಕೆ ಒಬ್ಬ 'ನಿದ್ದೆ, ಮಾರ್ಕ್ಸ್, ಗೆಳೆಯರು' ಎಂದು ಉದಾಹರಣೆ ಕೊಟ್ಟಿದ್ದ. ಪೂರ್ತಿ ಅಂಕ ಕೊಟ್ಟೆ.

ಯಾವತ್ತು ಎಷ್ಟು ಚೀಲ ಮಾರಿದಿರಿ ಎಂದು ಎಲ್ಲಾದರೂ ಬರೆದಿಟ್ಟಿದ್ದೀರಾ ಅಂತ ಚಿಕ್ಕಪ್ಪನನ್ನು ಕೇಳಿದ್ದೆ. 1997ರಿಂದ ಲೆಕ್ಕದ ಪುಸ್ತಕ ಇದೆಯಂತೆ. ತಾರೀಖು, ಚೀಲ, ಓಟಿ, ರೇಟು, ಎಲ್ಲವೂ. ಚಿಕ್ಕಮ್ಮ ದಿನಕ್ಕಿಷ್ಟು ಪುಟ ಎಂದು ಫೋಟೊ ತೆಗೆದು ಕಳಿಸುತ್ತಿದ್ದಾರೆ. ನಾನು ಇಲ್ಲಿ ಒಂದೊಂದೇ ಟೈಪ್ ಮಾಡುತ್ತಿದ್ದೇನೆ. ನಿನ್ನೆ 2007 ಮುಗಿಯಿತು. 2008ರಲ್ಲಿ ಡಾಲರ್ 40ರ ಆಸುಪಾಸಿನಿಂದ 50ಕ್ಕೆ ಹೋಗಿತ್ತು, ಆ ಪುಟಗಳಿಗಾಗಿಯೇ ಕಾಯುತ್ತಿದ್ದೆ. ಇವತ್ತು ಬೆಳಿಗ್ಗೆ ಫೋಟೊ ಬಂತು. ಪುಟದ ಮೂರನೇ ಎರಡು ಭಾಗ ಗೆದ್ದಲು ತಿಂದಿದೆ.