ಸಂಕಟ ಬಂದವರ ವೆಂಕಟರಮಣ

‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯನ್ನು ನಾವು ಚುಚ್ಚುಮಾತಾಗಿಯೇ ಬಳಸುತ್ತೇವೆ. ಆದರೆ ಗೀತೆಯ ಏಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ತನ್ನನ್ನು ಭಜಿಸುವ ನಾಲ್ಕು ಬಗೆಯ ಪುಣ್ಯವಂತರನ್ನು ಹೆಸರಿಸುವಾಗ ಮೊದಲು ಹೇಳುವುದೇ ಆರ್ತನನ್ನು. ಜ್ಞಾನಿ ಅವನಿಗೆ ಅತಿ ಪ್ರಿಯ, ನಿಜ. ಹಾಗೆಂದು ನೊಂದು ಬಂದವನನ್ನು ಅವನು ಬಾಗಿಲಾಚೆ ನಿಲ್ಲಿಸಲಿಲ್ಲ, ನಾಲ್ವರೂ ಉದಾರರೇ ಎಂದ. ದೇವರೇ ಆಡದ ಕೊಂಕನ್ನು ನಾವೇಕೆ ಆಡಬೇಕು?

ನಮ್ಮ ಕಡೆ ಮನೆಯಲ್ಲಿ ಯಾರ ಜೀವಕ್ಕಾದರೂ ಕುತ್ತು ಬಂದರೆ ತಿಮ್ಮಪ್ಪನಿಗೆ ಮುಡಿಪು ಕಟ್ಟುತ್ತಾರೆ. ತಲೆಗೆ ನೀರು ಹಾಕಿಕೊಂಡು, ಬಟ್ಟೆಯ ತುಂಡೊಂದನ್ನು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿ, ನಾಣ್ಯವಿಟ್ಟು ಗಂಟು ಹಾಕಿ ದೇವರ ಮುಂದಿಡುತ್ತಾರೆ. ನೆರೆಮನೆಯ ಹೆಂಗಸೊಬ್ಬರು ಗಂಡ ಆಸ್ಪತ್ರೆಯಲ್ಲಿದ್ದಾಗ ಹಾಗೆ ಕಟ್ಟಿದ್ದನ್ನು ಕಂಡಿದ್ದೇನೆ. ದೇವರ ಮನೆಯ ದೀಪವನ್ನು ಎಂದೋ ಅತ್ತೆಯ ಪಾಲಿಗೇ ಬಿಟ್ಟಿದ್ದವರು. ಬೆರಳು ನಡುಗಿ ನಾಣ್ಯ ಜಾರಿ ಜಾರಿ ಬೀಳುತ್ತಿತ್ತು. ಬಾಯಲ್ಲಿ ಮಂತ್ರವಿಲ್ಲ, ‘ಅಪ್ಪಾ, ಉಳಿಸಿಕೊಡು’ ಎಂಬುದೊಂದೇ.

ಗಂಡ ಉಳಿಯಲಿಲ್ಲ. ವರ್ಷಾಂತಿಕ ಮುಗಿದ ಮೇಲೆ ಅವರು ಅದೇ ಮುಡಿಪನ್ನು ತಿರುಮಲೆಗೆ ಒಯ್ದು ಹುಂಡಿಗೆ ಹಾಕಿ ಬಂದರು. ಬೇಡಿದ್ದು ಸಿಗದಿದ್ದರೂ ಸಲ್ಲಿಸಿದಿರಲ್ಲ ಎಂದು ಯಾರೋ ಕೇಳಿದರು. ‘ಆ ರಾತ್ರಿಗಳಲ್ಲಿ ನನ್ನ ಜೊತೆಗಿದ್ದವನು ಅವನೊಬ್ಬನೇ’ ಎಂದರು. ಹರಕೆಯೆಂದರೆ ವ್ಯಾಪಾರ ಎನ್ನುವವರಿಗೆ ಕೊಡಲು ನನ್ನಲ್ಲಿ ಬೇರೆ ಉತ್ತರವಿಲ್ಲ.

ಮಾನವಿಯ ಶ್ರೀನಿವಾಸಾಚಾರ್ಯರ ಕಥೆ ದಾಸಸಾಹಿತ್ಯ ಬಲ್ಲ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಪಾಂಡಿತ್ಯದ ಬಿಂಕದಲ್ಲಿ ಅವರು ಹೊಟ್ಟೆನೋವಿನ ನೆಪ ಹೇಳಿ ವಿಜಯದಾಸರ ಕರೆಯನ್ನು ತಪ್ಪಿಸಿಕೊಂಡರು. ನೆಪವೇ ನಿಜವಾಗಿ ಉದರಶೂಲೆ ಹಿಂಡತೊಡಗಿತು. ಕೊನೆಗೆ ಗೋಪಾಲದಾಸರ ಕೃಪೆಯಿಂದ ಗುಣವಾಗಿ, ಜಗನ್ನಾಥದಾಸರೆನಿಸಿ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲಿ ರಚಿಸಿದರು. ಆ ನೋವು ಬಾರದಿದ್ದರೆ ನಮಗೆ ಆ ಅಮೃತವೆಲ್ಲಿತ್ತು!

ಇನ್ನು ಭಾಗವತದ ಕುಂತಿ. ಅವಳ ಬೇಡಿಕೆ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಯುದ್ಧ ಮುಗಿದಿದೆ, ರಾಜ್ಯ ಮಕ್ಕಳ ಕೈಸೇರಿದೆ, ಕೃಷ್ಣ ದ್ವಾರಕೆಗೆ ಹೊರಟು ನಿಂತಿದ್ದಾನೆ. ಅರಗಿನ ಮನೆ, ವನವಾಸ ಎಲ್ಲವನ್ನೂ ಕಂಡ ಆ ತಾಯಿ ಆಪತ್ತುಗಳು ಮತ್ತೆ ಮತ್ತೆ ಬರಲಿ ಎನ್ನುತ್ತಾಳೆ, ಬಂದಾಗಲೆಲ್ಲ ನಿನ್ನ ದರ್ಶನವಾಗುತ್ತದಲ್ಲ ಎಂದು. ಹಾಗೆ ಬೇಡುವ ಎದೆ ನನಗಿಲ್ಲ. ಕಷ್ಟ ಕೊಡಬೇಡ ಸ್ವಾಮಿ ಎಂದೇ ಬೇಡುತ್ತೇನೆ, ಕೊಟ್ಟರೆ ನಿನ್ನ ಕಡೆಗೆ ತಿರುಗುವ ಬುದ್ಧಿಯನ್ನೂ ಜೊತೆಗೇ ಕೊಡು ಎನ್ನುತ್ತೇನೆ.